ಎಡಗೈಯಲ್ಲೊಂದು ರಬ್ಬರ್ ಚೆಂಡು

ಚಾಮರಾಜಪೇಟೆಯ ಅಡ್ಡರಸ್ತೆಯಲ್ಲಿ ಹಾಲಿನ ಬೂತಿನ ದೀಪ ಬಿಟ್ಟರೆ ಇನ್ನೂ ಬೆಳಕಿಲ್ಲ. ಸ್ಕ್ಯಾನಿಂಗ್ ಸೆಂಟರಿನ ಒಳಗೆ ಆಯಾ ಅಂಜಿನಮ್ಮನವರ ಕೈ ಆಗಲೇ ಕೆಲಸಕ್ಕಿಳಿದಿದೆ. ಮುಂದೆ ಕುಳಿತ ಕಾಲೇಜು ಹುಡುಗಿ ಯಶಶ್ರೀಯ ಜಡೆಯೊಳಗೆ ಬೆರಳಾಡಿಸಿ ಪಿನ್ನು ತೆಗೆಯುತ್ತಿದ್ದಾರೆ.

"ಅಷ್ಟೇ ಆಂಟಿ, ಇನ್ನಿಲ್ಲ."

"ನೀನು ಹಂಗಂತೀಯ. ನಿನ್ನ ಜಡೆ ಒಪ್ಪಬೇಕಲ್ಲ," ಎನ್ನುತ್ತಾ ಇನ್ನೊಂದನ್ನು ಎಳೆದು ಅವಳ ಅಂಗೈಗೆ ಹಾಕುತ್ತಾರೆ. ಮೂಗುತಿ ಬಿಚ್ಚಿ, ಹೊಸದಾಗಿ ಚುಚ್ಚಿಸಿದ ತೂತು ಮುಚ್ಚದಿರಲೆಂದು ಬೇವಿನ ಕಡ್ಡಿಯ ಚೂರು ಸಿಕ್ಕಿಸುತ್ತಾರೆ. ಅವರ ಕಿವಿಯಲ್ಲೂ ಓಲೆಯ ಜಾಗದಲ್ಲಿ ಅದೇ ಕಡ್ಡಿ. ಒಳಗಿರುವ ಯಂತ್ರ ಭಾರಿ ಅಯಸ್ಕಾಂತ; ಕಬ್ಬಿಣದ ಚೂರು ಕಂಡರೆ ಸುಮ್ಮನಿರುವಂಥದ್ದಲ್ಲ.

ರೋಗಿಗಳು ಬರುವುದಕ್ಕೆ ಮೊದಲು ಈ ಯಂತ್ರ ಸಂಶೋಧಕಿ ಪ್ರಿಯಂವದಾ ಅವರ ತಂಡದ್ದು. ಮಿದುಳಿನ ಒಂದು ಭಾಗಕ್ಕೂ ಮತ್ತೊಂದಕ್ಕೂ ಇರುವ ನಂಟು ಹರೆಯದ ಹುಡುಗರಲ್ಲಿ ಒಂದು ಬಗೆ, ಹುಡುಗಿಯರಲ್ಲಿ ಇನ್ನೊಂದು ಬಗೆ ಇರುತ್ತದೆಯೇ, ದುಡುಕು ಸ್ವಭಾವಕ್ಕೂ ಅದಕ್ಕೂ ಸಂಬಂಧವುಂಟೇ ಎಂದು ಅವರು ಹುಡುಕುತ್ತಿದ್ದಾರೆ. ಕೊಳವೆಯೊಳಗೆ ಮಲಗಿದವರ ಬಲಗೈಗೆ ಒಂದು ಬಟನ್. ಹಸಿರು ಚುಕ್ಕೆ ಬಂದರೆ ಒತ್ತಬೇಕು, ಕೆಂಪು ಬಂದರೆ ಕೈ ತಡೆಯಬೇಕು. ಎಡಗೈಗೆ ಒಂದು ರಬ್ಬರ್ ಚೆಂಡು. ಭಯವಾದಾಗ ಅದನ್ನು ಹಿಂಡಿದರೆ ಹೊರಗೆ ಬೆಲ್ಲು ಹೊಡೆಯುತ್ತದೆ, ಯಂತ್ರ ನಿಲ್ಲಿಸುತ್ತಾರೆ.

"ಹುಡುಗರೇ ದುಡುಕೋರು ಅಂತ ಈಗ್ಲೇ ತೀರ್ಪು ಕೊಡಬೇಡಿ," ಎಂದು ಪ್ರಿಯಂವದಾ ನಗುತ್ತಾರೆ. "ಸರಾಸರಿಲಿ ವ್ಯತ್ಯಾಸ ಸಿಕ್ಕಿದ್ರೂ ಸಿಗಬಹುದು. ಅದನ್ನ ಹಿಡ್ಕೊಂಡು ಎದುರಿಗಿರೋ ಒಬ್ಬ ಹುಡುಗನ್ನೋ ಹುಡುಗೀನೋ ಅಳೆಯೋಕಾಗಲ್ಲ."

ಅಂಜಿನಮ್ಮ ಮೊದಲು ತರಗುಪೇಟೆಯ ಮಂಡಿಗಳಲ್ಲಿ ಬೇಳೆ ಹಸನು ಮಾಡುತ್ತಿದ್ದವರು. ಗಂಡ ವೆಂಕಟಪ್ಪ ಅಲ್ಲೇ ಮೂಟೆ ಹೊರುತ್ತಿದ್ದರು. ಅವರ ಬೆನ್ನು ಕೈಕೊಟ್ಟ ಮೇಲೆ ಸಂಸಾರವೆಲ್ಲ ಇವರ ಮೊರದ ಮೇಲೆ ನಿಂತಿತು. ಕೊನೆಗೆ ಬೇಳೆಯ ದೂಳು ಎದೆಗೆ ಕೂತು ಕೆಮ್ಮು ಬಿಡದಾದಾಗ ಇಲ್ಲಿಗೆ ಬಂದರು. "ಆಗ ಕಲ್ಲು ಆರಿಸ್ತಿದ್ದೆ, ಈಗ ಪಿನ್ನು ಆರಿಸ್ತೀನಿ. ಕೆಲಸ ಅದೇ, ಕೆಮ್ಮು ಹೋಯ್ತು."

ಹುಡುಗರದ್ದು ಬೇರೆ ಫಜೀತಿ. ಸೊಂಟದಲ್ಲಿ ಏನಾದರೂ ಇದೆಯಾ ಎಂದರೆ ಬಾಯಿ ಬಿಡುವುದಿಲ್ಲ. ಮೊನ್ನೆ ಅಮರ್ ಎಂಬ ಹುಡುಗ "ಇಲ್ಲ ಆಂಟಿ" ಎಂದು ನೆಲ ನೋಡಿದ. "ನಾಚ್ಕೋಬೇಡ ಕಣಪ್ಪ, ನಿಮ್ಮಮ್ಮ ಕಟ್ಟದೆ ಬಿಟ್ಟಿರಲ್ಲ," ಎಂದರು. ಉಡಿದಾರದಿಂದ ತಾಯಿತ ಹೊರಬಂತು. ಎರಡು ನಿಮಿಷಕ್ಕೇ ಎದ್ದು ಓಡುತ್ತಾನೆ ಎಂದು ಗೆಳೆಯರು ಅಣಕಿಸಿದ್ದರು. ಅವನು ಚುಕ್ಕೆಯಾಟ ಮುಗಿಸಿ ಒಳಗೇ ಗೊರಕೆ ಹೊಡೆದ.

ಅಂಜಿನಮ್ಮನವರ ಮನಸ್ಸಿನಲ್ಲಿ ಉಳಿದಿರುವುದು ಮಾತ್ರ ಯಶಶ್ರೀ. ಹೋದ ವರ್ಷ ಮೊದಲ ಸಲ ಬಂದಾಗ ಅವಳು ಒಂದಿಷ್ಟೂ ಅಲ್ಲಾಡಲಿಲ್ಲ. ಚಿತ್ರಗಳು ಕನ್ನಡಿಯಂತೆ ಬಂದವು. ಹೊರಗೆಳೆದಾಗ ನೋಡಿದರೆ ಕಣ್ಣೀರು ಇಳಿದು ಎರಡೂ ಕಿವಿ ಒದ್ದೆ. ಚೆಂಡು ಕೈಯಲ್ಲೇ ಇತ್ತು.

"ಯಾಕಮ್ಮ ಹಿಂಡಲಿಲ್ಲ ಅಂದ್ರೆ, ಎಲ್ರಿಗೂ ತೊಂದ್ರೆ ಆಗುತ್ತಲ್ವಾ ಆಂಟಿ ಅಂತು. ಎಷ್ಟು ಚೆನ್ನಾಗಿ ಮಲಗೌಳೆ ಅಂತ ನಾನೂ ಹೊರಗೆ ಹೊಗಳ್ತಾ ಕೂತಿದ್ದೆ. ಅವತ್ತು ಅನ್ನ ಇಳೀಲಿಲ್ಲ. ತಡ್ಕೊಳ್ಳೋ ಹುಡುಗ್ರೂ ಅವ್ರೆ. ಆದ್ರೆ ಹುಡುಗೀರಿಗೆ ತಡ್ಕೋ, ತಡ್ಕೋ ಅಂತ ನಾವೇ ಹೇಳಿ ಹೇಳಿ ಬೆಳೆಸಿದೀವಿ."

ಅಂದಿನಿಂದ ಪ್ರಿಯಂವದಾ ಅವರ ಒಪ್ಪಿಗೆ ಪಡೆದು ಅಂಜಿನಮ್ಮ ಒಂದು ಪಾಠ ಶುರುಮಾಡಿದ್ದಾರೆ. ಮಲಗುವ ಮೊದಲು ಎಲ್ಲರೂ ಚೆಂಡು ಹಿಂಡಿ ಬೆಲ್ಲು ಹೊಡೆಸಲೇಬೇಕು. ಹೆದರುವವರಿದ್ದರೆ ಅಂಜಿನಮ್ಮನವರೇ ಕಿವಿಗೆ ಬಿರಡೆ ಹಾಕಿಕೊಂಡು ಯಂತ್ರದ ಕೋಣೆಯೊಳಗೆ ನಿಂತು, ಪಾದದ ಮೇಲೆ ಕೈಯಿಡುತ್ತಾರೆ. ಇಂದು ಎರಡನೇ ಸಲ ಬರಲು ಒಲ್ಲೆನೆಂದಿದ್ದ ಯಶಶ್ರೀ, ಆಂಟಿ ಇರುತ್ತಾರೆಂದ ಮೇಲೆಯೇ ಒಪ್ಪಿದ್ದು.

"ಇದೇನು ಇರುವೆ ಹಿಡಿದಂಗೆ? ನಿಂಬೆಹಣ್ಣು ಹಿಂಡ್ದಂಗೆ ಹಿಂಡು." ಹಿಂಡುತ್ತಾಳೆ. ಬೆಲ್ಲು ಹೊಡೆಯುತ್ತದೆ. ಕೊಳವೆಯೊಳಗೆ ಹೋಗುತ್ತಾಳೆ.

ಯಂತ್ರ ತಗಡು ಬಡಿದಂತೆ ಸದ್ದು ಮಾಡುತ್ತದೆ. ಅಂಜಿನಮ್ಮನವರ ಅಂಗೈ ಕೆಳಗೆ ಹುಡುಗಿಯ ಕಾಲ್ಬೆರಳುಗಳು ಮೆಲ್ಲಗೆ ಮುದುಡುತ್ತವೆ. ಗಾಜಿನಾಚೆ ಕೂತವರತ್ತ ಇವರೇ ಕೈಯೆತ್ತಿದರೆ ಸಾಕು, ನಿಲ್ಲಿಸುತ್ತಾರೆ. ಅರ್ಧ ಎತ್ತಿದ್ದಾರೆ ಕೂಡ. ಅಷ್ಟರಲ್ಲಿ ಸದ್ದು ನಿಂತು, ಆಚೆ ಹೊಡೆಯುತ್ತಲೇ ಇದ್ದ ಬೆಲ್ಲು ಈಗ ಕೇಳಿಸುತ್ತದೆ.

"ಸಾರಿ ಆಂಟಿ, ಎಲ್ಲಾ ಹಾಳು ಮಾಡ್ಬಿಟ್ಟೆ," ಹೊರಗೆಳೆದೊಡನೆ ಯಶಶ್ರೀ ಎದ್ದು ಕೂರುತ್ತಾಳೆ. ಈ ಸಲ ಕಿವಿ ಒಣಗಿಯೇ ಇದೆ.

"ಏನೂ ಹಾಳಾಗಿಲ್ಲ. ಬೇಕಾದ್ರೆ ಮತ್ತೆ ತೆಗೆಯೋಣ, ಇಲ್ಲ ಮನೆಗೆ ಹೋಗು," ಎನ್ನುತ್ತಾರೆ ಒಳಬಂದ ಪ್ರಿಯಂವದಾ.

ಯಶಶ್ರೀ ನೀರು ಕುಡಿಯುತ್ತಾಳೆ. ಸ್ವಲ್ಪ ಹೊತ್ತು ಕಾಲು ಆಡಿಸುತ್ತಾ ಕೂರುತ್ತಾಳೆ. ಆಮೇಲೆ ತಾನಾಗಿಯೇ ಮಲಗಿ, ಚೆಂಡಿಗಾಗಿ ಎಡಗೈ ಚಾಚುತ್ತಾಳೆ.

ಅಂಜಿನಮ್ಮ ಅದನ್ನು ಸೆರಗಿನಿಂದ ಒರೆಸಿ ಅವಳ ಅಂಗೈಗಿಡುತ್ತಾರೆ. "ಹೋದ ವರ್ಷಾನೇ ಹೊಡೀಬೇಕಿತ್ತು ಈ ಬೆಲ್ಲು," ಎನ್ನುತ್ತಾ ಪಾದದ ಕಡೆಗೆ ನಡೆಯುತ್ತಾರೆ. "ಇರಲಿ. ಹೊಡೆದ್ಲಲ್ಲ ನಮ್ಮುಡುಗಿ."