ದೊಡ್ಡ ಡಿಸ್ಕಿನ ಧರ್ಮಶಾಲೆ

ಲ್ಯಾಪ್‌ಟಾಪ್ ಕೆಟ್ಟಿರಲಿಲ್ಲ. ಅಂಗಡಿಯವ ಮೋಸ ಮಾಡಿರಲಿಲ್ಲ. ಮೊಮ್ಮಗಳ ಕೆಲಸ ತಡವಾದದ್ದು ನನ್ನಿಂದ. ಮನೆಯವರು ಇಂದಿಗೂ ತಪ್ಪನ್ನು ಮಷೀನಿನ ಮೇಲೆ ಹಾಕಿ ನನ್ನನ್ನು ಉಳಿಸುತ್ತಾರೆ. ಬೇಕಾಗಿಲ್ಲ.

ಎರಡು ಸಾವಿರದ ಇಸವಿ ದಾಟಿ ಏಳೆಂಟು ವರ್ಷವಾಗಿತ್ತು. ಮೊಮ್ಮಗಳು ಪುಣೆಯ ಹಡಪಸರದ ಒಂದು ಫೋಟೋ ಸ್ಟುಡಿಯೋಕ್ಕೆ ಮದುವೆ ವಿಡಿಯೋ ಕತ್ತರಿಸಿ ಜೋಡಿಸಿ ಕೊಡುವ ಕೆಲಸ ಹಿಡಿದಿದ್ದಳು. ಮೂರು ಮದುವೆ ಹೇಳಿದ ದಿನಕ್ಕೆ ಮಾಡಿಕೊಟ್ಟರೆ ಖಾಯಂ ಮಾಡಿಕೊಳ್ಳುತ್ತೇನೆ ಎಂದಿದ್ದ ಮಾಲೀಕ. ಅದಕ್ಕೆ ಲ್ಯಾಪ್‌ಟಾಪ್ ಬೇಕಾಯಿತು. ನಮ್ಮಲ್ಲಿ ಮನೆಗೆ ಕೊಡ ತರಲಿ, ಕಪಾಟು ತರಲಿ, ಹಿರಿಯಳು ಕೈ ಇಟ್ಟದ್ದನ್ನೇ ತರುವುದು. ಎರಡನೇ ಇಯತ್ತೆಗೆ ಶಾಲೆ ಬಿಟ್ಟ ನಾನೂ ಹಾಗಾಗಿ ಅಂಗಡಿಗೆ ಹೋದೆ.

ಅಂಗಡಿಯವ ಎರಡು ತಂದಿಟ್ಟ. ಬೆಲೆ ಒಂದೇ, ನೋಡಲಿಕ್ಕೂ ಒಂದೇ. ಒಳಗಿನ ಹಾರ್ಡ್ ಡಿಸ್ಕ್ ಮಾತ್ರ ಬೇರೆ. ಒಂದರದ್ದು ಜೋರಾಗಿ ತಿರುಗುತ್ತದೆ, ಆದರೆ ಹಿಡಿಯುವುದು ಕಡಿಮೆ. ಇನ್ನೊಂದರದ್ದು ನಿಧಾನ, ಆದರೆ ಎರಡರಷ್ಟು ಹಿಡಿಯುತ್ತದೆ. ಅವನು ಮರಾಠಿಯಲ್ಲಿ ಹೇಳಿದ್ದು ನನಗೆ ಚೆನ್ನಾಗಿಯೇ ತಿಳಿಯಿತು.

“ಆಯಿ, ನನಗ ಜೋರ್ ತಿರಗೋದ ಬೇಕು. ವಿಡಿಯೋ ಕೆಲಸಕ್ಕ ಅದ ಛಲೋ” ಎಂದಳು ಮೊಮ್ಮಗಳು.

“ಜೋರ್ ತಿರಗಿ ಎಲ್ಲಿಗಿ ಹೋಗ್ತದ? ಮನ್ಯಾಗ ಇರೋದ ಅಲ್ಲೇನು?”

“ಜಾಗಾ ಸಾಲದಿದ್ರ ಹಳೇದು ಸಿಡಿಗೆ ಹಾಕಿ ತೆಗದಬಿಡ್ತೀನಿ.”

“ತೆಗಿತಾಳಂತ. ಇಪ್ಪತ್ತ ವರ್ಷ ಸಾಮಾನು ತೆಗದು ಇಟ್ಟು, ತೆಗದು ಇಟ್ಟು ನನ್ನ ನಡಾ ಹೋಗ್ಯದ.”

ಅದು ಸುಳ್ಳಲ್ಲ. ಬಿಬವೇವಾಡಿಯಲ್ಲಿ ನಮ್ಮದು ಒಂದೇ ಖೋಲಿ ಇತ್ತು. ಊರ ಕಡೆಯಿಂದ ಕಟ್ಟಡದ ಕೆಲಸ ಹುಡುಕಿಕೊಂಡು ಯಾರೇ ಪುಣೆಗೆ ಬಂದರೂ ಮೊದಲು ನಮ್ಮ ಬಾಗಿಲು. ಕೆಲಸ ಸಿಗುವತನಕ ಅವರು ಒಳಗೆ, ನಮ್ಮ ಪಾತ್ರೆ ಹೊರಗೆ. ಜಾಗವೊಂದಿದ್ದರೆ ಉಳಿದದ್ದು ತಾನೇ ಆಗುತ್ತದೆ ಎನ್ನುವುದೇ ನನ್ನ ಒಟ್ಟು ವಿದ್ಯೆ. ದೊಡ್ಡ ಡಿಸ್ಕಿನದರ ಮೇಲೆ ಕೈ ಇಟ್ಟೆ. ಅವಳು ಮುಖ ಊದಿಸಿಕೊಂಡೇ ರಿಕ್ಷಾ ಹತ್ತಿದಳು.

ಎರಡು ಮದುವೆ ಹೇಳಿದ ದಿನಕ್ಕೆ ಹೋದವು. ಅಷ್ಟರಲ್ಲಿ ನಾನು ನಳದ ಹತ್ತಿರ ನೀರು ಹಿಡಿಯುತ್ತಾ, ನಮ್ಮ ಲ್ಯಾಪ್‌ಟಾಪಿನಲ್ಲಿ ಬೇಕಾದಷ್ಟು ಜಾಗವಿದೆ ಎಂದು ಹೇಳಿಬಿಟ್ಟಿದ್ದೆ. ಮರುದಿನವೇ ಎದುರುಮನೆಯಾಕೆ ಮಗನ ಮದುವೆಯ ಸಿಡಿ ಹಿಡಿದುಕೊಂಡು ಬಂದಳು.

“ಇದರ ಮ್ಯಾಲ ಗೀರು ಬಿದ್ದಾವ್ರಿ. ನಿಮ್ಮದರಾಗ ಒಂದು ಇರ್ಲಿ.”

“ಇರ್ಲಿ ಬಿಡ್ರಿ” ಎಂದೆ.

ಆಕೆಯ ತಂಗಿ ಬಸುರಿ ಮಗಳ ಕುಬಸದ ಸಿಡಿ ತಂದಳು. ಹಿಂದಿನ ಓಣಿಯ ಗೌಂಡಿ ತಾನು ಕಟ್ಟಿದ ಕಟ್ಟಡಗಳ ಫೋಟೋ ತಂದ. ಎಲ್ಲ ಕಟ್ಟಡವೂ ಒಂದೇ ಥರ ಇದ್ದವು, ಅದಿರಲಿ. ನಮ್ಮ ದೌಂಡದ ಬೀಗರು ರೈಲಿನಲ್ಲಿ ಬಂದು, ಊಟ ಮಾಡಿ, ಮೂರು ಮದುವೆ ಇಟ್ಟು ಹೋದರು. ನಮ್ಮ ಭಜನಿ ಸಂಘದ್ದಂತೂ ಕೆಮ್ಮು ಸಮೇತ ಇಡೀ ಇಡೀ ದಿನದ್ದು ಒಳಗೆ ಹೋಯಿತು.

“ಆಯಿ, ಇದು ಧರ್ಮಶಾಲಾ ಅಲ್ಲ” ಎಂದಳು ಮೊಮ್ಮಗಳು.

“ಬಂದವರಿಗೆ ಇಲ್ಲ ಅಂತ ಹೆಂಗ ಅನ್ಲಿ?”

ಮೂರನೆಯ ಮದುವೆಯ ಗಂಡಿನ ಕಡೆಯವರು ಭಾನುವಾರ ಮಧ್ಯಾಹ್ನ ಸೊಲ್ಲಾಪುರದ ಗಾಡಿ ಹತ್ತುವವರಿದ್ದರು. ಮದುವೆಯ ಸಿಡಿ ಅವರ ಜೊತೆಗೇ ಹೋಗಬೇಕಿತ್ತು. ಭಾನುವಾರ ಬೆಳಿಗ್ಗೆ ನೋಡಿದರೆ ಮಷೀನು ಹಳೆ ಎತ್ತಿನ ಹಾಗೆ ನಿಂತುಬಿಟ್ಟಿದೆ. ಅವಳು ತನ್ನದೇ ಹಳೆಯದು ಒಂದಿಷ್ಟು ತೆಗೆದರೆ ನಾಲ್ಕು ಹೆಜ್ಜೆ ಇಡುತ್ತದೆ, ಮತ್ತೆ ನಿಲ್ಲುತ್ತದೆ. ಗಾಡಿ ಹೊರಟಾಗ ಪರದೆಯ ಮೇಲೆ ಇನ್ನೂ ಮಾಲೆ ಹಾಕುವುದೇ ನಡೆದಿತ್ತು, ಅಕ್ಷತೆ ಬಿದ್ದಿರಲಿಲ್ಲ. ಗಂಡಿನ ಕಡೆಯವರು ಬರಿಗೈಯಲ್ಲಿ ಹೋದರು. ಮಾಲೀಕ ಫೋನಿನಲ್ಲಿ ಮರಾಠಿಯಲ್ಲಿ ಎರಡೇ ಮಾತು ಹೇಳಿದ. ಗುರುವಾರಕ್ಕೆ ಮುಗಿಸಬೇಕಾದ ಇನ್ನೊಂದು ಮದುವೆಯ ಕೆಲಸ ಕೊಡುತ್ತೇನೆ. ಅದೂ ತಡವಾದರೆ ಬರಬೇಡ.

ಹುಡುಗಿ ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಮುಗಿಸುತ್ತಿದ್ದೆ.

“ಏನಾಗ್ಯದ ಅದಕ್ಕ?” ಎಂದು ಕೇಳಿದೆ.

“ತುಂಬ್ಯದ. ಮೊದಲ ನಿಧಾನದ್ದು, ತುಂಬಿದ ಮ್ಯಾಲ ತೆವಳ್ತದ.”

“ಅದರಾಗ ನಿನ್ನ ಕೆಲಸದ್ದು ಎಷ್ಟದ?”

“ಒಂದ ಮೂಲಿ.”

“ಉಳದದ್ದು?”

“ನಿನ್ನ ಬೀಗರು ಬಿಜ್ಜರು.”

ಅವಳ ಪಕ್ಕ ಹೋಗಿ ಕುಳಿತೆ. “ಮೊದಲ ನಮ್ಮ ಭಜನಿ ತೆಗಿ” ಎಂದೆ.

“ಸಿಡಿ ಮಾಡಿ ಇಡ್ಲೇನು?”

“ಏನೂ ಬ್ಯಾಡ. ವಾರಾ ವಾರಾ ಹಾಡೇ ಹಾಡ್ತೀವಿ, ಬೇಕಾದವರು ಬಂದು ಕೇಳ್ಲಿ.”

ಮಂದಿಯದನ್ನು ಹಾಗೆ ಅಳಿಸಲಿಕ್ಕೆ ಬರುವುದಿಲ್ಲ. ಕೆಲವರು ತಮ್ಮ ಸಿಡಿಯನ್ನು ನಮ್ಮ ಮೇಲಿನ ನಂಬಿಕೆಯಿಂದ ಆಗಲೇ ಒಗೆದಿದ್ದರು. ಸಂಜೆತನಕ ಅವಳು ಒಂದೊಂದೇ ಮನೆಯದನ್ನು ಸಿಡಿಗೆ ಇಳಿಸಿದಳು. ಮೇಲೆ ಹೆಸರು ನಾನೇ ಬರೆದೆ. ಅಕ್ಷರ ಸೊಟ್ಟ, ಆದರೆ ಹೆಸರು ತಪ್ಪಲಿಲ್ಲ.

ಮರುದಿನ ಬೆಳಿಗ್ಗೆ ಚಹಾ ಕುಡಿದು, ರೊಟ್ಟಿ ಬುಟ್ಟಿಯಲ್ಲಿ ಸಿಡಿಗಳನ್ನು ಜೋಡಿಸಿಕೊಂಡು ಹೊರಟೆ. ಮೊದಲು ಎದುರುಮನೆ. ಆಕೆ ಸಿಡಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ಯಾಕ್ರಿ, ಜಾಗಾ ಇಲ್ಲೇನು ನಿಮ್ಮದರಾಗ?”

“ಜಾಗಾ ಅದ” ಎಂದೆ. “ನಿಮಗಿಲ್ಲ.”

ಆಕೆ ತೆರೆದ ಬಾಯಿ ಮುಚ್ಚುವುದರೊಳಗೆ ಪಕ್ಕದ ಬಾಗಿಲು ಬಡಿದೆ.