ಲೆಕ್ಕದ ಎರಡನೇ ಭಾಗ

ನನ್ನ ಗಂಡ ಸಂಡೂರಿನ ಗುಡ್ಡದಿಂದ ಹೊಸಪೇಟೆಗೆ ಅದಿರಿನ ಲಾರಿ ಓಡಿಸುತ್ತಿದ್ದರು. ಇಳಿಜಾರು ಶುರುವಾದ ಕೂಡಲೇ ಗೇರ್ ತೆಗೆದು ನ್ಯೂಟ್ರಲ್ ಮಾಡುವುದು ಅವರ ರೂಢಿ. ಡೀಸೆಲ್ ಉಳಿಯುತ್ತದೆಂದು ಆ ದಾರಿಯ ಬಹಳ ಡ್ರೈವರುಗಳು ಹಾಗೇ ಮಾಡುತ್ತಿದ್ದರು. ಒಮ್ಮೆ ಕ್ಯಾಬಿನ್ನಿನಲ್ಲಿ ಅವರ ಪಕ್ಕ ಕೂತು ಬಂದಿದ್ದೆ. ಇಂಜಿನ್ನಿನ ಸದ್ದು ಥಟ್ಟನೆ ಇಳಿದು ಬರೀ ಗಾಳಿಯ ಸದ್ದು ಉಳಿದಾಗ ಸೀಟಿನ ಅಂಚು ಹಿಡಿದುಕೊಂಡೆ.

"ಈಗ ಗುಡ್ಡಾನ ಗಾಡಿ ಹೊಡಿತೈತಿ, ನಂದೇನೈತಿ ಕೆಲಸ," ಎಂದು ನಕ್ಕಿದ್ದರು.

ಮಗಳು ಹೊಸಪೇಟೆಯ ಹಾಸ್ಟೆಲ್ಲಿನಲ್ಲಿದ್ದು ಪಿಯುಸಿ ಓದುತ್ತಿದ್ದಳು. ಒಂದು ಭಾನುವಾರ ಮಧ್ಯಾಹ್ನ ಮನೆಯಲ್ಲಿ ಲೆಕ್ಕ ಮಾಡುತ್ತ ಕೂತಿದ್ದಳು. ಪುಸ್ತಕದಲ್ಲಿ ಇಳಿಜಾರಿನ ಮೇಲೆ ಜಾರುವುದು ಒಂದು ಮರದ ತುಂಡು. ಅವಳು ಅದನ್ನು ಬಿಟ್ಟು ಅಪ್ಪನ ಲಾರಿ ಇಟ್ಟುಕೊಂಡಿದ್ದಳು. ಎತ್ತರ ನೂರು ಮೀಟರ್.

"ಘರ್ಷಣೆ ಇಲ್ಲ ಅಂತ ಇಟ್ಕೊ ಅಪ್ಪ. ತಳಕ್ಕ ಬರೋದ್ರಾಗ ತಾಸಿಗೆ ನೂರಾ ಅರವತ್ತು ಕಿಲೋಮೀಟರ್."

"ನಮ್ಮ ಡಬ್ಬಾ ಗಾಡೀನಾ? ಅಷ್ಟು ಓಡಿದ್ರ ಊರಿಗೊಂದು ಬೋಲ್ಟ್ ಉದುರಿರ್ತಾವ. ಲೋಡ್ ಇದ್ರ ಎಷ್ಟವ್ವ?"

"ಲೋಡ್ ಇರ್ಲಿ, ಖಾಲಿ ಇರ್ಲಿ, ಅಷ್ಟ. ಭಾರ ಎರಡೂ ಕಡೆ ಹೊಡೆದು ಹೋಗ್ತೈತಿ."

ಅವರು ನನ್ನ ಕಡೆ ತಿರುಗಿದರು. "ಕೇಳಿದೇನ? ಲೋಡ್ ಲೋಡ್ ಅಂತ ಸುಮ್ನ ಅಂಜತಿದ್ದಿ." ಅದನ್ನು ಗೆಳೆಯರಿಗೆ ಹೇಳಲು ಆಗಲೇ ಚಹಾದಂಗಡಿಗೆ ಹೊರಟರು.

ಅವರು ಹೋದ ಮೇಲೆ ಮಗಳು ಲೆಕ್ಕದ ಎರಡನೇ ಭಾಗಕ್ಕೆ ಬಂದಳು. ಅದರಲ್ಲಿ ಘರ್ಷಣೆ ಇತ್ತು. ವೇಗ ಏರದಂತೆ ಬ್ರೇಕ್ ಹಿಡಿದೇ ಇಳಿದರೆ, ಗುಡ್ಡದ ಮೇಲಿದ್ದ ಶಕ್ತಿ ಎಲ್ಲಿಗೆ ಹೋಗುತ್ತದೆ? ಬರೆದಳು, ಹೊಡೆದುಹಾಕಿದಳು, ಮತ್ತೆ ಬರೆದಳು. ಉತ್ತರ ಅದೇ ಬಂತು.

"ಅವ್ವ, ಅದು ಎಲ್ಲೂ ಹೋಗಂಗಿಲ್ಲ. ಅಷ್ಟೂ ಬ್ರೇಕಿನಾಗ ಬಿಸಿ ಆಗ್ತೈತಿ. ಇಲ್ಲಿ ಭಾರ ಹೊಡೆದು ಹೋಗಲ್ಲ, ಲೋಡ್ ಹೆಚ್ಚಾದಷ್ಟೂ ಬಿಸಿ ಹೆಚ್ಚು. ಭಾಳ ಕಾದ್ರ ಬ್ರೇಕ್ ಹಿಡಿಯಂಗಿಲ್ಲ. ಗೇರಿನಾಗ ಇಳಿದ್ರ ಇಂಜಿನ್ನೂ ತಡಿತೈತಿ. ಅಪ್ಪಗ ಹೇಳು. ನಾನು ಹೇಳಿದ್ರ ಚಾಷ್ಟಿ ಮಾಡ್ತಾನ, ನೀ ಹೇಳಿದ್ರ ಕೇಳ್ತಾನ."

ಹೇಳುತ್ತೇನೆ ಎಂದೆ. ಅವಳು ಸಂಜೆಯ ಬಸ್ಸಿಗೆ ಹೋದಳು.

ಸೋಮವಾರ ಅವರು ಮೈಯೆಲ್ಲ ಕೆಂಪು ಧೂಳಾಗಿ, ಸಾಕಾಗಿ ಬಂದರು. ನಾಳೆ ಹೇಳೋಣ ಎನಿಸಿತು. ಮಂಗಳವಾರ ನಗುನಗುತ್ತ ಉಂಡರು. ಆ ನಗುವನ್ನು ಕೆಡಿಸಲು ಮನಸ್ಸಾಗಲಿಲ್ಲ. ಬುಧವಾರ ಬೆಳಿಗ್ಗೆ ಅವರು ಲಾರಿ ಹತ್ತುವಾಗ ಬಾಗಿಲಿಗೆ ಬಂದು ನಿಂತೆ.

"ಏನ?" ಎಂದರು.

"ಏನಿಲ್ಲ. ಜಲ್ದಿ ಬರ್ರಿ."

ಬೀದಿಯ ತಿರುವಿನಲ್ಲಿ ಹಾರ್ನ್ ಕೇಳಿಸಿತು. ಹೇಳಬೇಕಾದ ಮಾತು ಇನ್ನೂ ನನ್ನ ಬಾಯಲ್ಲೇ ಇತ್ತು. ಫೋನ್ ಕೈಯಲ್ಲೇ ಇತ್ತು. ಮಧ್ಯಾಹ್ನ ಮಾಡಿದರಾಯಿತು ಎಂದುಕೊಂಡೆ.

ಮಧ್ಯಾಹ್ನಕ್ಕೆ ಮೊದಲೇ, ಲೋಡ್ ಗಾಡಿ ಇಳಿಜಾರಿನ ಕೊನೆಯ ತಿರುವಿನಲ್ಲಿ ತಿರುಗಲಿಲ್ಲ. ಬ್ರೇಕಿನಿಂದ ಹೊಗೆ ಏಳುವುದನ್ನು ಕಂಡೆ ಎಂದು ಹಿಂದಿನ ಲಾರಿಯವನು ಬಂದು ಹೇಳಿದ.

ಕರ್ಮಗಳೆಲ್ಲ ಮುಗಿದು ನೆಂಟರು ಹೋದ ಮೇಲೆ ಮಗಳು ಪಕ್ಕದಲ್ಲಿ ಬಂದು ಕೂತಳು.

"ನೀ ಅಪ್ಪಗ ಹೇಳಿದ್ದಿ ಅಲ್ಲವ್ವ? ಏನಂದ?"

ನಾನು ಅವಳ ಮುಖ ನೋಡಲಿಲ್ಲ. "ನಕ್ಕರು," ಎಂದೆ.

ಅವಳು ಎದ್ದು ಹೋದಳು. ಅಂದಿನಿಂದ ಅಪ್ಪನ ಫೋಟೋಕ್ಕೆ ಅವಳು ಹೂವಿಡುವುದಿಲ್ಲ. ದಿನವೂ ನಾನೊಬ್ಬಳೇ ಇಡುತ್ತೇನೆ.