ಮೆಹಬೂಬ ಕೊಡದ ಪಾಸ್

೨೦೦೩ರಲ್ಲಿ ನಾನು ಚಿಕ್ಕೋಡಿಯ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕನಾಗಿದ್ದೆ. ಆ ವರ್ಷ ಎಂಟನೇ ತರಗತಿಗೆ ಮೆಹಬೂಬ ಸೇರಿದ. ಅವನ ತಂದೆ ದಸ್ತಗೀರಸಾಬರಿಗೆ ಕುಡಚಿಯಲ್ಲಿ ಹೊಲಿಗೆ ಅಂಗಡಿ. ಹುಡುಗ ಚಿಕ್ಕೋಡಿಯ ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ.

ನಮ್ಮ ಹಾಕಿ ಮೈದಾನದ ತುಂಬ ಗರಸುಕಲ್ಲು. ಪಾಸ್ ಕೊಟ್ಟ ಚೆಂಡು ಕಲ್ಲಿಗೆ ಬಡಿದು ಎತ್ತಲೋ ಹೋಗುತ್ತಿತ್ತು. ಹಾಗಾಗಿ ನಾನು ಹುಡುಗರಿಗೆ ಡ್ರಿಬ್ಲಿಂಗನ್ನೇ ಹೆಚ್ಚು ಕಲಿಸಿದೆ. ಎಂದರೆ, ಚೆಂಡನ್ನು ಸ್ಟಿಕ್ಕಿಗೆ ಅಂಟಿಸಿಕೊಂಡಂತೆ ಎದುರಾಳಿಗಳ ನಡುವೆ ನುಸುಳುವುದು. “ಚೆಂಡ ಯಾರಿಗೂ ಕೊಡಬ್ಯಾಡಲೇ, ನೀನ ಒಯ್ಯಿ” ಎಂದು ದಿನವೂ ಕೂಗುತ್ತಿದ್ದೆ. ಮೆಹಬೂಬನ ಕೈಗೆ ಆ ವಿದ್ಯೆ ಒಲಿದುಬಿಟ್ಟಿತು. ಹತ್ತನೇ ತರಗತಿ ಮುಗಿಯುತ್ತಲೇ ಅವನು ಕ್ರೀಡಾ ಹಾಸ್ಟೆಲ್ ಸೇರಿದ.

೨೦೧೩ರಲ್ಲಿ ಉತ್ತರ ಭಾರತದ ಒಂದು ವೃತ್ತಿಪರ ಲೀಗ್ ತಂಡ ಅವನನ್ನು ಆರಿಸಿಕೊಂಡಿತು. ಕುಡಚಿಗೆ ಹೋಗಿ ದಸ್ತಗೀರಸಾಬರ ಅಂಗಡಿಯ ಟಿವಿಯಲ್ಲಿ ಆ ಪಂದ್ಯಗಳನ್ನು ನೋಡಿದೆ. ಲೀಗ್ ತಂಡಗಳ ಆಟಗಾರರು ಪರಸ್ಪರ ಪರಿಚಯವಾಗುವ ಮೊದಲೇ ಕಣಕ್ಕಿಳಿದಿರುತ್ತಾರೆ, ರಕ್ಷಣೆಯಲ್ಲಿ ಸಂದುಗಳಿರುತ್ತವೆ. ಮೆಹಬೂಬ ಆ ಸಂದುಗಳಲ್ಲಿ ನೀರಿನಂತೆ ಹರಿದ. ಜನ ಎದ್ದು ನಿಂತು ಅವನ ಹೆಸರು ಕೂಗುತ್ತಿದ್ದರು. ಆ ಆಟ ನೋಡಿಯೇ ಅವನನ್ನು ರಾಷ್ಟ್ರೀಯ ತಂಡಕ್ಕೆ ಕರೆದರು.

ಅಂತರರಾಷ್ಟ್ರೀಯ ಪಂದ್ಯ ಬೇರೆಯೇ ಲೋಕ. ಅಲ್ಲಿನ ರಕ್ಷಕರು ವರ್ಷಗಟ್ಟಲೆ ಒಟ್ಟಿಗೆ ಆಡಿದವರು. ಎದುರಾಳಿಯ ವಿಡಿಯೊ ನೋಡಿ ಬಂದಿರುತ್ತಾರೆ. ವಿದೇಶದಲ್ಲಿ ನಡೆದ ಪಂದ್ಯವೊಂದರ ಕೊನೆಯ ನಿಮಿಷಗಳಲ್ಲಿ ಎರಡೂ ತಂಡಗಳು ಸಮನಾಗಿದ್ದವು. ಮೆಹಬೂಬ ಇಬ್ಬರನ್ನು ದಾಟಿದ. ಬಲಕ್ಕೆ ನಮ್ಮವನೊಬ್ಬ ಒಂಟಿಯಾಗಿ ನಿಂತಿದ್ದ. ಇವನು ಪಾಸ್ ಕೊಡದೆ ಮೂರನೆಯವನ ಮೇಲೆ ಹೋದ. ಚೆಂಡು ಕಳೆದುಕೊಂಡ. ಅದೇ ಚೆಂಡು ನಮ್ಮ ಗೋಲಿನೊಳಗೆ ಹೋಯಿತು.

ದಸ್ತಗೀರಸಾಬರು ಟಿವಿ ಆರಿಸಿ ನನ್ನ ಕಡೆ ತಿರುಗಿದರು. “ನಮ್ಮ ಹುಡುಗಂದು ತಪ್ಪೇನ್ರಿ ಸರ?”

ಅಲ್ಲವೆಂದೆ. ಅವರು ನಂಬಲಿಲ್ಲ.

ತಂಡದಿಂದ ಕೈಬಿಟ್ಟ ಮೇಲೆ ಮೆಹಬೂಬ ಚಿಕ್ಕೋಡಿಗೆ ಬಂದ. ನನ್ನನ್ನು ಕಂಡು ಹೇಳಿದ: “ಬಲಕ್ಕ ನಿಂತಾಂವ ಕಂಡಿದ್ದರಿ ಸರ. ಕೊಡಬೇಕಂತನೂ ಅನಿಸಿತ್ತು. ಕೈ ಕೇಳಲಿಲ್ಲ.”

ಆ ಕೈಯನ್ನು ಹಾಗೆ ಮಾಡಿದವನು ನಾನೇ ಎಂದುಕೊಂಡೆ. ತಿದ್ದುವ ಹೊಣೆಯೂ ನನ್ನದೇ ಅನ್ನಿಸಿತು. ಮೂರು ತಿಂಗಳು, ಪ್ರತಿ ಬೆಳಿಗ್ಗೆ, ಒಂದೇ ಪಾಠ: ಚೆಂಡು ಬಂತೆಂದರೆ ಎರಡನೇ ಸ್ಪರ್ಶಕ್ಕೆ ಬಿಟ್ಟುಕೊಡಬೇಕು. ಮರೆತು ಮುಂದೆ ಒಯ್ದರೆ ಸೀಟಿ ಊದಿ ನಿಲ್ಲಿಸುತ್ತಿದ್ದೆ. ಅವನು ತಲೆ ತಗ್ಗಿಸಿ ಮತ್ತೆ ಶುರು ಮಾಡುತ್ತಿದ್ದ. ಕೊನೆಗೆ ಕಲಿತ.

ಮುಂದಿನ ಲೀಗಿನಲ್ಲಿ ಮೆಹಬೂಬ ಬಂದ ಚೆಂಡನ್ನೆಲ್ಲ ಬಿಟ್ಟುಕೊಟ್ಟ. ತಪ್ಪು ಮಾಡಲಿಲ್ಲ, ಆದರೆ ಯಾರ ಕಣ್ಣಿಗೂ ಬೀಳಲಿಲ್ಲ. ಹೀಗೆ ಆಡುವವರು ಬೇಕಾದಷ್ಟು ಜನ ಸಿಗುತ್ತಾರೆ, ನಿನ್ನನ್ನು ತಂದದ್ದು ಆ ಹಳೆಯ ಆಟಕ್ಕಾಗಿ ಎಂದು ತರಬೇತುದಾರ ಹೇಳಿದನಂತೆ. ಹಳೆಯ ಆಟ ಆಡಲು ಹೋದರೆ ಎರಡನೇ ಸ್ಪರ್ಶಕ್ಕೆ ಕೈ ತಡೆಯುತ್ತಿತ್ತು. ಐದನೇ ಪಂದ್ಯದಿಂದ ಅವನು ಬೆಂಚಿನ ಮೇಲೆ ಕುಳಿತ. ಮರುವರ್ಷ ಲೀಗಿನವರೂ ಕರೆಯಲಿಲ್ಲ, ರಾಷ್ಟ್ರೀಯ ಶಿಬಿರದವರೂ ಕರೆಯಲಿಲ್ಲ. ಕ್ರೀಡಾ ಕೋಟಾದಲ್ಲಿ ಸಿಕ್ಕ ನೌಕರಿಗೆಂದು ಹುಬ್ಬಳ್ಳಿಗೆ ಹೋದ.

೨೦೧೭ರಲ್ಲಿ ನಾನು ನಿವೃತ್ತನಾದಾಗ ಅವನು ಮನೆಗೆ ಬಂದಿದ್ದ. ಸಣ್ಣವನಿದ್ದಾಗಲೇ ನಿನಗೆ ತಪ್ಪು ಕಲಿಸಿದೆ, ಕ್ಷಮಿಸು ಎಂದೆ. ಅವನು ಚಹಾದ ಕಪ್ಪು ಕೆಳಗಿಟ್ಟ.

“ಮೊದಲ ಕಲಿಸಿದ್ದು ತಪ್ಪಲ್ರಿ ಸರ. ಅದರಿಂದನ ನಾನು ಅಲ್ಲೀತನಕ ಹೋದ್ನಿ. ಆಮ್ಯಾಲೆ ಬಿಡಿಸಿದ್ರಲ್ಲ, ಅವತ್ತ ನನ್ನ ಆಟ ಹೋತ್ರಿ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಮೂವತ್ತು ವರ್ಷ ಮಕ್ಕಳ ಆಟವನ್ನು ತಿದ್ದಿದ್ದೇನೆ. ಒಬ್ಬನ ಕೈಗೆ ಒಲಿದದ್ದನ್ನು ಬಿಡಿಸುವ ಮೊದಲು ಅವನನ್ನೇ ಕೇಳಬೇಕು ಎಂಬುದು ಗೊತ್ತಾಗುವ ಹೊತ್ತಿಗೆ ನನ್ನ ನೌಕರಿ ಮುಗಿದಿತ್ತು. ಆ ಮೂರು ತಿಂಗಳಲ್ಲಿ ಒಂದು ದಿನವಾದರೂ ನಾನು ಮೆಹಬೂಬನನ್ನು ಕೇಳಲಿಲ್ಲ.